ದೋಸ್ತನಿಗೊಂದು ಪತ್ರ: ಡಬ್ಬಗಳ್ಳಿ ಹಣ್ಣಿನ ಶರಬತ್ತು

ಕಲಬುರಗಿ
ಮೇ ತಿಂಗಳು, ರಾತ್ರಿ ಹನ್ನೊಂದು ಗಂಟೆ

ಪ್ರೀತಿಯ ದೋಸ್ತಾ,

ನಿನ್ನ ಮೆಸೇಜ್ ಬಂದು ಹತ್ತು ದಿನ ಆಯಿತು. ಉತ್ತರ ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಈ ಹತ್ತು ದಿನವೂ ನಿನ್ನ ಮೆಸೇಜ್ ಹಿಡಿದುಕೊಂಡೇ ಓಡಾಡಿದ್ದೇನೆ. ಯಾಕೆ ಅಂತ ಕೆಳಗೆ ಬರೆಯುತ್ತೇನೆ.

ನೀನು ಬರೆದದ್ದು ಎರಡೇ ಸಾಲು. 'ಗಿಲ್ಡ್ ವಾರ್ಸ್ 2' ಅನ್ನುವ ಕಂಪ್ಯೂಟರ್ ಆಟದಲ್ಲಿ ಅಡುಗೆ ವಿದ್ಯೆ 400ನೇ ಹಂತ ಮುಟ್ಟಿತು, ಪ್ರಿಕ್ಲಿ ಪೇರ್ ಪೈ, ಅಂದರೆ ಡಬ್ಬಗಳ್ಳಿ ಹಣ್ಣಿನ ತಿನಿಸು, ಮಾಡಿದೆ. ಅದನ್ನು ಮಾಡುವಾಗ ನಿಮ್ಮ ಆಯಿ ನೆನಪಾದರು. ಇಷ್ಟೇ. ನೀನು ಅಲ್ಲಿ ಟೆಕ್ಸಸ್‌ನಲ್ಲಿ ಕೂತು ಹೀಗೆ ಬರೆದೆ. ನಾನು ಇಲ್ಲಿ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅದನ್ನು ನಾಲ್ಕು ಸಲ ಓದಿದೆ. ಆಯಿ, ನನ್ನ ಅಜ್ಜಿ, ತೀರಿಕೊಂಡು ಒಂಬತ್ತು ವರ್ಷ ಆಯಿತು. ಇಷ್ಟು ದಿನದಲ್ಲಿ ಮನೆಯವರನ್ನು ಬಿಟ್ಟು ಬೇರೆ ಯಾರೂ ಅವಳ ಹೆಸರೆತ್ತಿರಲಿಲ್ಲ.

ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಕಾರಣ ಇದೆ. ಆಯಿ ಮಾಡುತ್ತಿದ್ದ ಡಬ್ಬಗಳ್ಳಿ ಹಣ್ಣಿನ ಶರಬತ್ತಿನ ಬಗ್ಗೆ ನನಗೆ ಒಂದು ಉತ್ತರ ಬೇಕಾಗಿದೆ. ಅದು ನಿನಗೇ ಗೊತ್ತಿರಬೇಕು. ನಿನಗೆ ಮರೆತಿದ್ದರೆ ಬೀದರ್ ಕಡೆಯ ಯಾವುದಾದರೂ ಮನೆಯ ಅಜ್ಜಿಗೆ ಗೊತ್ತಿರಬಹುದು.

ಮೊದಲು ಆಟದಿಂದಲೇ ಶುರು ಮಾಡುತ್ತೇನೆ. 2011ರ ಮಳೆಗಾಲ ನೆನಪಿದೆಯಾ? 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಗಷ್ಟೇ 20ನೇ ಲೆವೆಲ್‌ವರೆಗೆ ಪುಕ್ಕಟೆ ಮಾಡಿದ್ದರು. ನಮ್ಮ ರೂಮಿನ ನೆಟ್ ಆಮೆಯ ಹಾಗೆ ನಡೆಯುತ್ತಿತ್ತು. ನೆಟ್ ಸೆಂಟರ್ ಭಾಯಿ ರಾತ್ರಿ ಹೊತ್ತು ಮಶೀನ್ ಬಿಟ್ಟು ಹೋಗಲು ಒಪ್ಪಿದ್ದಕ್ಕೆ ಆಟ ಇಳಿಯಿತು. ನಾಲ್ಕೋ ಐದೋ ರಾತ್ರಿ ಹಿಡಿದಿರಬೇಕು. ಒಂದೇ ಕುರ್ಚಿ, ಇಬ್ಬರು ಆಟಗಾರರು. ಮೌಸ್ ನಿನ್ನ ಕೈಯಲ್ಲಿ, ಕೀಬೋರ್ಡ್ ನನ್ನ ಕೈಯಲ್ಲಿ. ಓರ್ಕ್ ಅನ್ನುವ ರಾಕ್ಷಸರಂಥ ಜಾತಿ ಆರಿಸಿದ್ದು ನೀನು. ನಾನು ಮನುಷ್ಯರನ್ನು ಆರಿಸೋಣ ಅಂದಿದ್ದೆ. ಈಗ ಅನ್ನಿಸುತ್ತದೆ, ನೀನು ಸರಿಯಾಗೇ ಆರಿಸಿದೆ.

ಯಾಕೆಂದರೆ ಪರದೆ ತೆರೆದಾಗ ಎದುರಿಗೆ ಬಂದದ್ದು ನಮ್ಮೂರು. ಡುರೋಟಾರ್ ಅಂತ ಅದರ ಹೆಸರು. ಥ್ರಾಲ್ ಅನ್ನುವ ಓರ್ಕ್ ನಾಯಕ ತನ್ನ ಜನರನ್ನು ಸಮುದ್ರ ದಾಟಿಸಿ ತಂದು ನೆಲೆ ನಿಲ್ಲಿಸಿದ ಒಣ ಸೀಮೆ. ಅದಕ್ಕೆ ತನ್ನ ಅಪ್ಪ ಡುರೋಟಾನ್‌ನ ಹೆಸರಿಟ್ಟ. ಎಲ್ಲಿ ನೋಡಿದರೂ ಕೆಂಪು ಮಣ್ಣು, ಕೆಂಪು ಗುಡ್ಡ, ನಡುನಡುವೆ ಕಳ್ಳಿ. "ಅರೆ, ಇದು ಬೀದರ್ ಅಲ್ವಾ" ಅಂತ ನಾನು ಕೂಗಿದ್ದೆ. ನೀನು ಕಲಬುರಗಿಯವನು, ಕಪ್ಪು ಮಣ್ಣಿನವನು. ನಿನಗೆ ಆ ಕೆಂಪು ಅಷ್ಟು ತಟ್ಟಲಿಲ್ಲ. ನನಗೆ ತಟ್ಟಿತು. ಬೀದರಿನ ಜಂಬಿಟ್ಟಿಗೆ ಕಲ್ಲಿನ ಬಣ್ಣ ಅದೇ. ಮಳೆ ಬಂದರೆ ನಮ್ಮ ಅಂಗಳದಲ್ಲಿ ಹರಿಯುವ ನೀರಿನ ಬಣ್ಣವೂ ಅದೇ. ಅಮೆರಿಕದಲ್ಲಿ ಕೂತು ಯಾರೋ ಬರೆದ ನೆಲದಲ್ಲಿ ನಮ್ಮ ಅಂಗಳ ಕಂಡಿತ್ತು.

ಹೊಸದಾಗಿ ಹುಟ್ಟಿದ ಓರ್ಕ್ ಕಣ್ಣು ಬಿಡುವುದು ವ್ಯಾಲಿ ಆಫ್ ಟ್ರಯಲ್ಸ್ ಅನ್ನುವ ಕಣಿವೆಯಲ್ಲಿ. ಅಲ್ಲಿ ಕಾಡುಹಂದಿ ಹೊಡೆಯಲು ಹೇಳುತ್ತಾರೆ. ಚೇಳಿನ ಕೊಂಡಿ ತರಲು ಹೇಳುತ್ತಾರೆ. ಕೆಲಸ ಬಿಟ್ಟು ಮಲಗಿದವರನ್ನು ಬಡಿದು ಎಬ್ಬಿಸಲು ಹೇಳುತ್ತಾರೆ. ಇವೆಲ್ಲದರ ಮಧ್ಯೆ ಗಾಲ್ಗರ್ ಅನ್ನುವ ಓರ್ಕ್ ಒಬ್ಬ ನಿಂತಿರುತ್ತಾನೆ. ಅವನಿಗೆ ಬೇಕಾದದ್ದು ಹಣ್ಣು. ಕಳ್ಳಿಯ ಬುಡದಲ್ಲಿ ಸಿಗುವ ಕ್ಯಾಕ್ಟಸ್ ಆಪಲ್. ತಂದುಕೊಟ್ಟರೆ 'ಕ್ಯಾಕ್ಟಸ್ ಆಪಲ್ ಸರ್‌ಪ್ರೈಸ್' ಅನ್ನುವ ತಿನಿಸು ಕೊಡುತ್ತಾನೆ.

ನನಗೆ ಆ ಇಡೀ ಕಣಿವೆಯಲ್ಲಿ ನೆನಪಿರುವುದು ಈ ಕೆಲಸ ಒಂದೇ. ಹೊಡೆಯುವುದು ಬಡಿಯುವುದು ಎಲ್ಲಾ ಆಟದಲ್ಲೂ ಇದೆ. ಆದರೆ ಬರಡು ನೆಲಕ್ಕೆ ಬಂದ ಹೊಸಬನಿಗೆ ಮೊದಲ ದಿನವೇ 'ಈ ಮಣ್ಣಿನಲ್ಲಿ ತಿನ್ನುವಂಥದ್ದು ಏನು ಬೆಳೆಯುತ್ತದೆ, ಹೋಗಿ ನೋಡಿಕೊಂಡು ಬಾ' ಅಂತ ಕಳಿಸುವುದಿದೆಯಲ್ಲ, ಅದನ್ನು ಬರೆದವನಿಗೆ ಬರಗಾಲದ ಊರು ಗೊತ್ತಿರಬೇಕು. ನನ್ನ ಮುತ್ಯಾ ಕೂಡ ನನಗೆ ಹೊಲ ತೋರಿಸಿದ್ದು ಹಾಗೇ. ಜೋಳ ತೊಗರಿ ಆಮೇಲೆ. ಮೊದಲು ಒಡ್ಡಿನ ಮೇಲೆ ಏನು ಸಿಗುತ್ತದೆ ಅಂತ. ಬಾರೆ ಹಣ್ಣು, ಕವಳಿ ಹಣ್ಣು, ಬೇಲಿಯ ಡಬ್ಬಗಳ್ಳಿ ಹಣ್ಣು.

2019ರ ಆಗಸ್ಟ್‌ನಲ್ಲಿ ಆ ಆಟದ ಹಳೇ ರೂಪವನ್ನು ಮತ್ತೆ ತೆರೆದರು. ಆಗ ದುಡ್ಡು ಕೊಟ್ಟು ಸೇರಿ, ಒಬ್ಬನೇ ಒಂದು ತಿಂಗಳು ಆಡಿದೆ. ನಿನಗೆ ಹೇಳಿರಲಿಲ್ಲ. ಆಯಿ ಹೋದ ಮೇಲಿನ ಮಾತು. ನೇರ ಗಾಲ್ಗರ್ ಹತ್ತಿರ ಹೋದೆ. ಹತ್ತು ಹಣ್ಣು ಕೇಳಿದ. ಆ ದಿನಗಳಲ್ಲಿ ಕಣಿವೆ ತುಂಬಾ ಜನ. ಒಂದು ಕಳ್ಳಿ ಬುಡಕ್ಕೆ ಮೂವರು ಓಡಿ ಬರುತ್ತಿದ್ದರು. ಮೊದಲು ಮುಟ್ಟಿದವನಿಗೆ ಹಣ್ಣು. ಉಳಿದವರು ಮತ್ತೆ ಅದು ಮೂಡುವವರೆಗೆ ಕಾಯಬೇಕು, ಇಲ್ಲ ಮುಂದಿನ ಕಳ್ಳಿಗೆ ಹೋಗಬೇಕು. ಬೇಸಿಗೆ ರಜೆಯಲ್ಲಿ ಬೆಳಗ್ಗೆ ಬೇಲಿಗೆ ನಾವು ಹೋಗುವ ಮುಂಚೆ ಪಕ್ಕದ ಓಣಿಯ ಹುಡುಗರು ಕಿತ್ತುಕೊಂಡು ಹೋಗಿರುತ್ತಿದ್ದರಲ್ಲ, ಥೇಟ್ ಹಾಗೆ.

ಹತ್ತು ಹಣ್ಣು ಕೊಟ್ಟೆ. ತಿನಿಸು ಕೊಟ್ಟ. ಅಷ್ಟೇ. ಅದನ್ನು ಹೇಗೆ ಮಾಡಿದ ಅಂತ ಅವನು ಹೇಳಿಕೊಡುವುದಿಲ್ಲ. ಆ ಆಟದಲ್ಲಿ ಅಡುಗೆ ಒಂದು ವಿದ್ಯೆ. ಕಟ್ಟಿಗೆ, ಚಕಮಕಿ ಇಟ್ಟುಕೊಂಡು ಬೆಂಕಿ ಹಾಕಿ, ಹಂದಿ ಮಾಂಸ ಸುಡುವುದರಿಂದ ಶುರು ಮಾಡಿ 300ರವರೆಗೆ ಕಲಿಯುತ್ತಾ ಹೋಗಬಹುದು. ನೂರಾರು ಮೈಲಿ ನಡೆದು ಒಂದೊಂದು ಪಾಕ, ಅಂದರೆ ಅಡುಗೆ ಮಾಡುವ ವಿಧಾನ, ಕೊಂಡು ತರುವವರಿದ್ದಾರೆ. ಆದರೆ ಗಾಲ್ಗರ್‌ನ ಈ ತಿನಿಸಿನ ಪಾಕ ಎಲ್ಲೂ ಸಿಗುವುದಿಲ್ಲ. ಅದು ಅವನ ಕೈಯಲ್ಲೇ ಉಳಿಯುತ್ತದೆ. ನೀನು ಲೆವೆಲ್ ಏರಿ ಊರು ಬಿಡುತ್ತೀಯ. ಅವನು ಅಲ್ಲೇ ನಿಂತಿರುತ್ತಾನೆ.

ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾಳಿಗೆಗೆ ಹೋಗಿ ಕೂತೆ. ಆಯಿಯ ಶರಬತ್ತನ್ನೂ ನಾನು ಕಲಿತಿರಲಿಲ್ಲ.

ನೀನು ಈಗ ಆಡುತ್ತಿರುವ ಆಟ ಈ ವಿಷಯದಲ್ಲಿ ಬೇರೆ. ನಿನ್ನ ಮೆಸೇಜ್ ನೋಡಿ ನಾನೂ ಅದನ್ನು ಹಾಕಿಕೊಂಡು ಸ್ವಲ್ಪ ಆಡಿದೆ. ಪ್ರಿಕ್ಲಿ ಪೇರ್ ಸಿಗುವ ಡ್ರೈ ಟಾಪ್ ಸೀಮೆಗೆ ನನ್ನ ಪಾತ್ರ ಇನ್ನೂ ಮುಟ್ಟಿಲ್ಲ, ಅದನ್ನು ವಿಡಿಯೋದಲ್ಲಿ ನೋಡಿದೆ. ಪ್ರತಿ ಗಂಟೆಯ ಕೊನೆಯ ಇಪ್ಪತ್ತು ನಿಮಿಷ ಅಲ್ಲಿ ಮರಳುಗಾಳಿ ಏಳುತ್ತದಲ್ಲ, ನಮ್ಮ ಮೇ ತಿಂಗಳ ಸುಂಟರಗಾಳಿ ನೆನಪಾಯಿತು. ಹಣ್ಣು ಕೊಯ್ಯಲು ಕುಡುಗೋಲು ಬೇಕು ಅನ್ನುವುದು ನನಗೆ ಭಾಳ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು ಅಲ್ಲಿನ ಅಡುಗೆ ಕಲಿಯುವ ರೀತಿ. ಎಷ್ಟೋ ಅಡುಗೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾಮಾನುಗಳನ್ನು ಒಂದು ಕಡೆ ಇಟ್ಟು ಇದರ ಜೊತೆ ಇದು ಕೂಡುತ್ತದಾ, ಅದರ ಜೊತೆ ಅದು ಕೂಡುತ್ತದಾ ಅಂತ ನೋಡುತ್ತಾ ಹೋಗಬೇಕು. ಕೂಡಿದರೆ ಪಾಕ ತಾನಾಗಿ ಹೊಳೆಯುತ್ತದೆ, ಆಮೇಲೆ ಅದು ನಿನ್ನದೇ. ಇನ್ನೂ ಎಷ್ಟು ಪಾಕ ಬಾಕಿ ಇದೆ ಅಂತ ಕೂಡ ಆಟ ಹೇಳುತ್ತದೆ.

ಅದನ್ನು ನೋಡುತ್ತಾ ಕೂತಾಗಲೇ ಅನ್ನಿಸಿದ್ದು. ಆಯಿ ಇಲ್ಲ. ಆದರೆ ಸಾಮಾನು ಇದೆ. ನಾಲಿಗೆ ಇದೆ. ಕೂಡಿಸಿ ನೋಡಬಹುದಲ್ಲ?

ಮುಂದಿನ ಭಾನುವಾರವೇ ಊರಿಗೆ ಹೊರಟೆ. 2017ರಲ್ಲಿ ಬೀದರ್ ಕಲಬುರಗಿ ರೈಲು ಶುರುವಾದ ಮೇಲೆ ಊರು ಹತ್ತಿರವಾಗಿದೆ. ನೀನು ಆ ದಾರಿಯಲ್ಲಿ ರೈಲಿನಲ್ಲಿ ಬಂದಿಲ್ಲ. ಬಂದಾಗ ಕಿಟಕಿ ಪಕ್ಕ ಕೂರು. ಕಮಲಾಪುರದವರೆಗೆ ಕಪ್ಪು ನೆಲ. ಕೆಂಪು ಬಾಳೆಗೆ ಹೆಸರಾದ ಊರು ಅದು, ಸಿಕ್ಕರೆ ಒಂದು ಚಿಪ್ಪು ತಗೊ. ಆಮೇಲೆ ಗುಡ್ಡ, ಸುರಂಗ. ಹುಮನಾಬಾದ್ ದಾಟಿ ಬೀದರ್ ಕಡೆ ಸರಿಯುತ್ತಾ ಹೋದ ಹಾಗೆ ಮಣ್ಣು ಕೆಂಪಾಗುತ್ತಾ ಬರುತ್ತದೆ. ಆ ಬದಲಾವಣೆ ನೋಡುವಾಗ ನನಗೆ ಪ್ರತಿ ಸಲವೂ ಎದೆ ತುಂಬುತ್ತದೆ.

ಊರಲ್ಲಿ ಕಾಕಾ ಕೇಳಿದರು, "ಈ ಬಿಸಲಾಗ ಕಳ್ಳಿ ಹಣ್ಣ ಹುಡಕ್ಲಾಕ ಬಂದೀ?" ಹೌದು ಅಂದೆ. ನಮ್ಮ ಹೊಲದ ಬೇಲಿಯಲ್ಲಿ ಈಗ ಡಬ್ಬಗಳ್ಳಿ ಇಲ್ಲ. ತಂತಿ ಹಾಕಿದ್ದಾರೆ. ಹಳೇ ಬಾವಿಯ ಹಿಂದೆ, ಯಾರದೂ ಅಲ್ಲದ ಪಡ ಜಾಗದಲ್ಲಿ ಎರಡು ಮೆಳೆ ಉಳಿದಿದ್ದವು. ಹತ್ತಿರ ಹೋಗಿ ನೋಡಿದೆ. ಒಂದರ ಮೇಲೆ ಹತ್ತಿಯ ಹಾಗೆ ಬಿಳಿ ಬಿಳಿ ಅಂಟಿಕೊಂಡಿತ್ತು. ಎಲೆಯಂಥ ಆ ಡಬ್ಬಗಳು ಬಾಡಿ ಜೋತು ಬಿದ್ದಿದ್ದವು. ಕಡ್ಡಿಯಿಂದ ಆ ಬಿಳಿ ಹತ್ತಿಯನ್ನು ಒತ್ತಿದೆ. ಕಡ್ಡಿ ತುದಿ ರಕ್ತದ ಹಾಗೆ ಕೆಂಪಾಯಿತು.

ಈ ಹುಳದ ಕತೆ ನಿನಗೆ ಹೇಳಲೇಬೇಕು. ನಾನು ಇದನ್ನು ಓದಿ ತಿಳಿದುಕೊಂಡಿದ್ದು ಈಚೆಗೆ. ಡಬ್ಬಗಳ್ಳಿ ನಮ್ಮ ದೇಶದ ಗಿಡವೇ ಅಲ್ಲ. ಅದು ನೀನಿರುವ ಕಡೆಯದು. ಮುರಿದರೆ ಹಾಲು ಬರುವ ಕಳ್ಳಿಗಳು ಬೇರೆ ಕುಲ, ಅವುಗಳಲ್ಲಿ ಕೆಲವು ನಮ್ಮವು. ಅವುಗಳ ಹಾಲು ಕಣ್ಣಿಗೆ ಬಿದ್ದರೆ ಕೆಟ್ಟದ್ದು ಅಂತ ಆಯಿ ನಮ್ಮನ್ನು ದೂರ ಇಡುತ್ತಿದ್ದಳಲ್ಲ. ಡಬ್ಬಗಳ್ಳಿಯ ಮೂಲ ಮಾತ್ರ ಅಮೆರಿಕ. ಮೆಕ್ಸಿಕೋದಲ್ಲಿ ಈ ಕುಲದ ಗಿಡದ ಮೇಲೆ ಕೊಚಿನೀಲ್ ಅನ್ನುವ ಹುಳ ಸಾಕುತ್ತಿದ್ದರು. ಒಣಗಿಸಿ ಪುಡಿ ಮಾಡಿದರೆ ಗಾಢ ಕೆಂಪು ಬಣ್ಣ. ಬಟ್ಟೆಗೆ ಅದರಷ್ಟು ಚೆಂದದ ಕೆಂಪು ಆಗ ಬೇರೆ ಇರಲಿಲ್ಲ. ಸ್ಪೇನ್ ದೇಶದವರು ಅದನ್ನು ಮಾರಿ ದೊಡ್ಡ ಲಾಭ ಮಾಡಿದರು. ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಬಂತು. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಅನ್ನುವ ಡಾಕ್ಟರ್ ಇದಕ್ಕಾಗಿ ಕಳ್ಳಿ ತೋಟವನ್ನೇ ಬೆಳೆಸಿದ. 1795ರಲ್ಲಿ ಬ್ರೆಜಿಲ್ ಕಡೆಯಿಂದ ಬಂದ ಹಡಗಿನಲ್ಲಿ ಹುಳವೂ ಬಂತು. ಆದರೆ ಬಂದದ್ದು ಒಳ್ಳೇ ಬಣ್ಣ ಕೊಡುವ ಜಾತಿಯಲ್ಲ. ಬಣ್ಣದ ವ್ಯಾಪಾರ ಏಳಲಿಲ್ಲ. ಆ ಹುಳ ಒಂದು ಜಾತಿಯ ಕಳ್ಳಿಯನ್ನೇ ತಿಂದು ಮುಗಿಸಿತು.

ಬೇರೆ ಜಾತಿಯ ಕಳ್ಳಿ ಉಳಿದುಕೊಂಡಿತು. ನಾವು ತಿಂದದ್ದು ಅದನ್ನೇ. ಅದು ದಕ್ಷಿಣದ ಹೊಲ, ಹುಲ್ಲುಗಾವಲು ಎಲ್ಲಾ ತುಂಬಿಕೊಂಡು ರೈತರಿಗೆ ಕಾಟವಾಯಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳ ತಂದು ಬಿಟ್ಟರು. ಕೆಲವೇ ವರ್ಷದಲ್ಲಿ ಅದು ಕಳ್ಳಿಯನ್ನು ಬಗ್ಗಿಸಿತು. ಮುತ್ಯಾ "ಬಿಳಿ ಹುಳ ಬಂದು ಕಳ್ಳಿ ಹ್ವಾದ್ವು" ಅಂತಿದ್ದ. ಸುಮ್ನೆ ಹಳೇ ಮಾತು ಅಂದುಕೊಂಡಿದ್ದೆ. ಕಡ್ಡಿ ತುದಿಯ ಕೆಂಪು ನೋಡಿದಾಗ ಆ ಮಾತಿನ ಬೇರು ಸಿಕ್ಕಿತು.

ಕಾಕಾ ಹೇಳುವುದರಲ್ಲೂ ನ್ಯಾಯ ಇದೆ. ಡಬ್ಬಗಳ್ಳಿ ಹಬ್ಬಿದರೆ ಹೊಲ ಉಳಿಯುವುದಿಲ್ಲ. ಅದನ್ನು ನೆಡು ಅಂತ ನಾನು ಯಾರಿಗೂ ಹೇಳುವುದಿಲ್ಲ. ಇರುವ ಗಿಡದ ಹಣ್ಣು ತಿನ್ನಲು ಮಾತ್ರ ಗೊತ್ತಿರಲಿ ಅನ್ನುತ್ತೇನೆ. ಬರಗಾಲದಲ್ಲಿ ಏನೂ ಇಲ್ಲದಾಗ ಅದು ಹಣ್ಣು ಬಿಟ್ಟಿದೆ. ಆ ಗಿಡ ಹಗಲು ತನ್ನ ಉಸಿರಿನ ತೂತುಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ತೆರೆಯುತ್ತದಂತೆ, ನೀರು ಆರಿಹೋಗದಿರಲಿ ಅಂತ. ಬೇಸಿಗೆಯಲ್ಲಿ ನಮ್ಮ ಓಣಿಯೂ ಹಾಗೇ ಅಲ್ವಾ? ಮಧ್ಯಾಹ್ನ ಎಲ್ಲಾ ಬಾಗಿಲು ಮುಚ್ಚಿರುತ್ತವೆ. ರಾತ್ರಿ ಊರೇ ಮಾಳಿಗೆ ಮೇಲೆ ಇರುತ್ತದೆ.

ಎರಡನೇ ಮೆಳೆಯಲ್ಲಿ ಹಣ್ಣು ಇದ್ದವು. ಗಾಢ ನೇರಳೆ ಕೆಂಪು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅವತ್ತು ಕೀಳಲಿಲ್ಲ. ಕಾಕಾ ಮನೆಯಲ್ಲಿ ಮಲಗಿ, ಮರುದಿನ ಬೆಳಕು ಹರಿಯುವ ಮುಂಚೆ ಹೋದೆ. ಆಯಿ ನಮ್ಮನ್ನು ಕಳಿಸುತ್ತಿದ್ದುದು ಅದೇ ಹೊತ್ತಿಗೆ. ಆಗ ಅದು ನಿದ್ದೆ ಕೆಡಿಸುವ ಕೆಲಸ ಅನ್ನಿಸುತ್ತಿತ್ತು. ಈಗ ಗೊತ್ತಾಯಿತು. ಹಣ್ಣಿನ ಮೇಲೆ ಕೂದಲಿಗಿಂತ ಸಣ್ಣ ಮುಳ್ಳುಗಳ ಗೊಂಚಲು ಇರುತ್ತದೆ. ಬಿಸಿಲು ಏರಿ ಗಾಳಿ ಬಿಟ್ಟರೆ ಅವು ಹಾರಿ ಕಣ್ಣಿಗೂ ಬೀಳುತ್ತವೆ. ಮುಂಜಾವಿನ ತಂಪಿಗೆ ಅಂಟಿಕೊಂಡಿರುತ್ತವೆ. ಕಾಕಾ ಕೊಟ್ಟ ಚಿಮಟಾದಿಂದ ಹಿಡಿದು ತಿರುಗಿಸಿ ಕಿತ್ತೆ. ಅಷ್ಟಾದರೂ ಬೆರಳಿಗೆ ಚುಚ್ಚಿಕೊಂಡವು. ನೀನು ಆ ಬೇಸಿಗೆಯಲ್ಲಿ ಬರಿಗೈಯಲ್ಲಿ ಕಿತ್ತು ಅತ್ತದ್ದು, ಆಯಿ ನಿನ್ನ ಬೆರಳುಗಳನ್ನು ತನ್ನ ತಲೆಗೂದಲಲ್ಲಿ ಉಜ್ಜಿ ಮುಳ್ಳು ತೆಗೆದದ್ದು, ಎಲ್ಲಾ ಕಣ್ಣ ಮುಂದೆ ಬಂತು. ಆಟದಲ್ಲಿ ಕಳ್ಳಿ ಹಣ್ಣು ಕಿತ್ತರೆ ಒಂದು ಮುಳ್ಳೂ ಚುಚ್ಚುವುದಿಲ್ಲ. ಆಟ ಮಾಡಿದವರು ಇದೊಂದನ್ನು ಬಿಟ್ಟಿದ್ದಾರೆ. ಚುಚ್ಚಬೇಕಿತ್ತು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ. ಚುಚ್ಚಿದ್ದರೆ ಆ ತಿನಿಸಿನ ಬೆಲೆ ಗೊತ್ತಾಗುತ್ತಿತ್ತು.

ಮೂವತ್ತು ಹಣ್ಣು ತಂದೆ. ಇನ್ನು ನನ್ನ ಅಡುಗೆಮನೆಯ ಕತೆ.

ಮೊದಲ ಸಲ ಹೀಗೆ ಮಾಡಿದೆ. ಗ್ಯಾಸಿನ ಉರಿಯ ಮೇಲೆ ಒಂದೊಂದೇ ಹಣ್ಣು ಹಿಡಿದು ಮುಳ್ಳು ಸುಟ್ಟೆ. ಸಣ್ಣಗೆ ಚಟಚಟ ಅಂತ ಸಿಡಿದು ಸುಟ್ಟ ಕೂದಲಿನ ವಾಸನೆ ಬರುತ್ತದೆ. ಆಮೇಲೆ ಗೋಣಿ ತುಂಡಿನಲ್ಲಿ ಉಜ್ಜಿ ತೊಳೆದೆ. ತುದಿ ಕತ್ತರಿಸಿದೆ. ಹೂವಿನ ಕಡೆಯ ಕುಳಿಯಲ್ಲಿ ನಕ್ಷತ್ರದ ಹಾಗೆ ಮುಳ್ಳು ಇರುತ್ತದೆ, ಅದನ್ನು ತೆಗೆಯದೆ ತಿನ್ನಬಾರದು ಅಂತ ಆಯಿ ಪ್ರತಿ ಸಲ ಹೇಳುತ್ತಿದ್ದಳು. ಆ ಭಾಗ ಬಿಡಿಸಿ ಎಸೆದೆ. ತಿರುಳು ಹಿಸುಕಿ, ಬೆಲ್ಲ ಹಾಕಿ, ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿದೆ. ಕುದಿಯುತ್ತಾ ಕುದಿಯುತ್ತಾ ಆ ಕೆಂಪು ಎಲ್ಲಿ ಹೋಯಿತೋ. ಇಟ್ಟಿಗೆ ತೊಳೆದ ನೀರಿನ ಹಾಗಾಯಿತು. ರುಚಿಯೂ ಮಂಕು. ಹತ್ತು ಹಣ್ಣು ಹೋದವು. ಆ ರಾತ್ರಿ ಭಾಳ ಬೇಸರವಾಯಿತು.

ಮಲಗಿದಾಗ ಆಯಿಯ ಮಾತು ಒಂದು ನೆನಪಾಯಿತು. "ಮುಳ್ಳಿಗಿ ಬೆಂಕಿ ತೋರ್ಸು, ಹಣ್ಣಿಗಿ ತೋರ್ಸಬ್ಯಾಡ." ನಾವು ಒಲೆ ಮುಂದೆ ಕೂತು ಹಣ್ಣು ಸುಡುವಾಗ ಹೇಳುತ್ತಿದ್ದ ಮಾತು. ಬೇಗ ಬೇಗ ತಿರುಗಿಸು, ಸುಟ್ಟುಹೋಗುತ್ತದೆ ಅನ್ನುವುದಕ್ಕೆ ಹೇಳುತ್ತಾಳೆ ಅಂದುಕೊಂಡಿದ್ದೆ. ಅದು ಪಾಕದ ಅರ್ಧ ಗುಟ್ಟು. ಬೆಳಗ್ಗೆ ಎದ್ದು ಓದಿ ನೋಡಿದೆ. ಬೀಟ್‌ರೂಟ್‌ನ ಬಣ್ಣವೂ ಈ ಹಣ್ಣಿನ ಬಣ್ಣವೂ ಒಂದೇ ಬಗೆಯದು. ಕಾಯಿಸಿದರೆ ಒಡೆಯುತ್ತದೆ. ಹುಳಿ ಇದ್ದರೆ ನಿಲ್ಲುತ್ತದೆ. ಆಯಿಗೆ ಆ ಬಣ್ಣದ ಹೆಸರು ಗೊತ್ತಿರಲಿಲ್ಲ. ಅದರ ಗುಣ ಗೊತ್ತಿತ್ತು.

ಎರಡನೇ ಸಲ ಕುದಿಸಲಿಲ್ಲ. ಬೆಲ್ಲವನ್ನು ಬೇರೆ ನೀರಿನಲ್ಲಿ ಕರಗಿಸಿ, ಆರಿಸಿ, ಶೋಧಿಸಿದೆ. ತಿರುಳನ್ನು ತೆಳು ಬಟ್ಟೆಯಲ್ಲಿ ಹಿಂಡಿದೆ. ಬೀಜ ಜಾಸ್ತಿ, ಕಲ್ಲಿನಂಥವು, ಬಟ್ಟೆ ಇಲ್ಲದೆ ಆಗುವುದಿಲ್ಲ. ರಸ ಲೋಳೆಯಾಗಿರುತ್ತದೆ, ಅವಸರ ಮಾಡಬಾರದು. ಎರಡನ್ನೂ ಕೂಡಿಸಿ ಗಡಿಗೆಯ ತಣ್ಣೀರು, ಚಿಟಿಕೆ ಉಪ್ಪು, ಜಜ್ಜಿದ ಏಲಕ್ಕಿ ಹಾಕಿ, ಅರ್ಧ ನಿಂಬೆ ಹಿಂಡಿದೆ. ಬಣ್ಣ ಬಂತು ದೋಸ್ತಾ. ಲೋಟದ ಆಚೆಗಿನ ಬೆರಳು ಕಾಣದಷ್ಟು ಗಾಢ ಬಣ್ಣ. ಅವ್ವನಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಸುಮ್ಮನೆ ಕೂತಳು. ಆಮೇಲೆ ಅಂದಳು, "ಛಲೋ ಅದ. ಖರೇ ನಮ್ಮ ಅತ್ತೀದು ಅಲ್ಲ."

ಅವ್ವ ಹೇಳಿದ್ದು ಸರಿ. ನಿಂಬೆಯ ಹುಳಿ ನಾಲಿಗೆಯ ತುದಿಗೆ ಥಟ್ಟಂತ ತಾಗುತ್ತದೆ. ಆಯಿಯ ಶರಬತ್ತಿನ ಹುಳಿ ಹಿಂದಿನಿಂದ ಬರುತ್ತಿತ್ತು. ಗುಟುಕು ಇಳಿದ ಮೇಲೆ ಗಂಟಲಲ್ಲಿ ತಿಳಿಯುತ್ತಿತ್ತು. ಜೊತೆಗೆ ಎಂಥದೋ ಹಸಿ ಎಲೆಯ ವಾಸನೆ. ಅವ್ವನಿಗೆ ರುಚಿ ಗೊತ್ತು, ಸಾಮಾನು ಗೊತ್ತಿಲ್ಲ. ಬೇಸಿಗೆಯಲ್ಲಿ ಅವಳು ತವರಿನಲ್ಲಿ ಇರುತ್ತಿದ್ದಳು, ಒಲೆಯ ಮುಂದೆ ನಾವೇ ಇರುತ್ತಿದ್ದೆವು.

ಆಮೇಲೆ ಒಂದೊಂದೇ ಹಣ್ಣು ಇಟ್ಟುಕೊಂಡು ನಿನ್ನ ಆಟದ ಹಾಗೇ ನೋಡುತ್ತಾ ಹೋದೆ. ಹುಣಸೆ ಹಾಕಿದೆ. ಬಣ್ಣ ಕಂದಿತು, ಸಾರಿನ ನೆನಪು ಬಂತು. ಹಸಿ ಮಾವು ಹಾಕಿದೆ. ಮಾವಿನದೇ ಮೇಲಾಯಿತು. ಪುಂಡಿ ಸೊಪ್ಪು ಜಜ್ಜಿ ಹಿಂಡಿದೆ. ಇದು ಹತ್ತಿರ ಬಂತು, ಆದರೆ ಒಗರು ಉಳಿಯಿತು. ಸಂತೆಯಲ್ಲಿ ಈಗ ಡ್ರ್ಯಾಗನ್ ಫ್ರೂಟ್ ಬರುತ್ತದೆ. ಅದೂ ಕಳ್ಳಿಯ ಹಣ್ಣೇ. ಗುಜರಾತಿನವರು 2021ರಲ್ಲಿ ಅದಕ್ಕೆ ಕಮಲಂ ಅಂತ ಹೆಸರಿಟ್ಟರು. ಅದರಿಂದಲೂ ಒಮ್ಮೆ ಮಾಡಿದೆ. ಚೆಂದದ ಹಣ್ಣು, ಆದರೆ ಅದಕ್ಕೆ ಈ ಹಣ್ಣಿನ ಮಣ್ಣಿನ ವಾಸನೆ ಇಲ್ಲ.

ನೀನು ಕೂಡ ಅಲ್ಲಿ ಮಾಡಿ ನೋಡು. ನಿನ್ನ ಟೆಕ್ಸಸ್ 1995ರಲ್ಲಿ ಇದೇ ಡಬ್ಬಗಳ್ಳಿಯ ಕುಲವನ್ನು ರಾಜ್ಯದ ಗಿಡ ಅಂತ ಸಾರಿದೆ. ಮೆಕ್ಸಿಕೋದವರ ಅಂಗಡಿಗೆ ಹೋಗಿ 'ತೂನಾ' ಅಂತ ಕೇಳು, ಹಣ್ಣಿಗೆ ಅವರು ಹಾಗನ್ನುತ್ತಾರೆ. ನಮ್ಮದಕ್ಕಿಂತ ದೊಡ್ಡದು, ಮುಳ್ಳು ತೆಗೆದೇ ಮಾರುತ್ತಾರೆ. ಡಬ್ಬವನ್ನು 'ನೊಪಾಲ್' ಅಂತ ಪಲ್ಯದ ಹಾಗೆ ಮಾಡಿ ತಿನ್ನುತ್ತಾರೆ. ನಿನ್ನ ಆಟದಲ್ಲೂ ಅದೇ ಹೆಸರಿನ ಸಾಮಾನು ಇದೆಯಲ್ಲ.

ಈಗ ಕೇಳಬೇಕಾದದ್ದು ಕೇಳುತ್ತೇನೆ. ನೀನು ಊರಿಗೆ ಬಂದಿದ್ದ ಬೇಸಿಗೆ. ಆಯಿ ಹಣ್ಣು ಹಿಂಡಿ ಆಗಿತ್ತು. ನಾನು ಬೆಲ್ಲ ಕುಟ್ಟುತ್ತಾ ಕೂತಿದ್ದೆ, ಏಳುವ ಹಾಗಿರಲಿಲ್ಲ. ಆಯಿ ನಿನ್ನ ಕಿವಿಯಲ್ಲಿ ಏನೋ ಹೇಳಿ ಹಿತ್ತಲಿಗೆ ಕಳಿಸಿದಳು. ಬಾವಿಯ ಕಡೆಯ ಗೋಡೆಗೆ ಹೋಗಿ ಬಂದೆ ನೀನು. ಮುಷ್ಟಿ ಮುಚ್ಚಿಕೊಂಡು ಬಂದೆ. ಏನು ಅಂತ ಕೇಳಿದರೆ ತೋರಿಸಲಿಲ್ಲ, ಆಯಿ ತೋರಿಸಬೇಡ ಅಂದಿದ್ದಾಳೆ ಅಂತ ನಕ್ಕೆ. ಅವಳು ಅದನ್ನು ನಿನ್ನ ಕೈಯಿಂದ ತಗೊಂಡು, ಅಂಗೈಯಲ್ಲೇ ಹೊಸಕಿ, ಗಡಿಗೆಗೆ ಹಾಕಿದಳು. ಹಿತ್ತಲ ಗೋಡೆ ಈಗ ಬಿದ್ದಿದೆ. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ. ನಾನು ಹೋಗಿ ನೋಡಿ ಬಂದೆ.

ಫ್ರಿಜ್‌ನಲ್ಲಿ ಇನ್ನೂ ಏಳು ಹಣ್ಣು ಇವೆ. ನಾಲ್ಕೈದು ದಿನ ತಡೆಯುತ್ತವೆ. ಎಲೆಯಾ, ಕಾಯಾ, ಹೂವಾ? ಹೆಸರು ಗೊತ್ತಿಲ್ಲದಿದ್ದರೆ ಹೇಗಿತ್ತು ಅಂತ ಬರೆ. ಕೈಗೆ ಯಾವ ವಾಸನೆ ಉಳಿದಿತ್ತು ಅಂತ ಬರೆ. ಅವತ್ತು ನಿನ್ನ ಮುಷ್ಟಿಯಲ್ಲಿ ಏನಿತ್ತು?

ನಿನ್ನ ದೋಸ್ತ